ಅಡುಗೆಮನೆಯಿಂದ ಪಾಠಶಾಲೆಗೆ: ಆಟಿಸಂ ಮತ್ತು ನಿತ್ಯಜೀವನದ ಕಲಿಕೆಯ ಚರಿತ್ರೆ

ಹಲ್ಲುಜ್ಜುವುದು, ಸ್ನಾನ ಮಾಡುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಉಂಡ ತಟ್ಟೆ ತೊಳೆದಿಡುವುದು, ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುವುದು, ಇವೆಲ್ಲ ಪಾಠವೆಂದು ಶಿಕ್ಷಣಶಾಸ್ತ್ರವಾಗಲಿ ಚಿಕಿತ್ಸೆಯ ಭಾಗವೆಂದು ವೈದ್ಯಶಾಸ್ತ್ರವಾಗಲಿ ಬಹುಕಾಲ ಒಪ್ಪಿರಲಿಲ್ಲ. ಮಕ್ಕಳು ಇವನ್ನು ದೊಡ್ಡವರನ್ನು ನೋಡಿಯೇ ಕಲಿತುಬಿಡುತ್ತಾರೆ, ಕಲಿಯದವರಿಗೆ ತಾಯಿಯೋ ಮನೆಯ ಆಳೋ ಮಾಡಿಕೊಡುತ್ತಾರೆ ಎಂಬುದು ಸಾಮಾನ್ಯ ಗ್ರಹಿಕೆಯಾಗಿತ್ತು. ಆಟಿಸಂ, ಎಂದರೆ ಸಂವಹನ, ಒಡನಾಟ ಹಾಗೂ ಇಂದ್ರಿಯಾನುಭವಗಳಲ್ಲಿ ಎಳವೆಯಿಂದಲೇ ಭಿನ್ನತೆ ಕಾಣಿಸುವ ಬೆಳವಣಿಗೆಯ ಸ್ಥಿತಿ, ಈ ಗ್ರಹಿಕೆಯನ್ನು ಬುಡಸಮೇತ ಅಲುಗಾಡಿಸಿತು. ಏಕೆಂದರೆ ಲೆಕ್ಕದಲ್ಲಿಯೋ ನೆನಪಿನಲ್ಲಿಯೋ ಓರಗೆಯವರನ್ನು ಮೀರಿಸುವ ಎಷ್ಟೋ ಆಟಿಸ್ಟಿಕ್ ವ್ಯಕ್ತಿಗಳಿಗೆ ನೋಡಿ ಅನುಕರಿಸುವ ದಾರಿ ಸಲೀಸಲ್ಲದ ಕಾರಣ, ಬೆಳಗಿನ ಸ್ನಾನವೇ ಬಿಡಿಸಿ ಹೇಳಿಕೊಡಬೇಕಾದ ವಿದ್ಯೆಯಾಗಿಬಿಡುತ್ತದೆ. ಈ ವಿದ್ಯೆಯ ಚರಿತ್ರೆಯನ್ನು ಹಿಂಬಾಲಿಸಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಮೊದಲು ದಾರಿ ಕಂಡವರು ಬಹುಮಟ್ಟಿಗೆ ಪದವಿಯಿಲ್ಲದ ಮನೆವಾರ್ತೆಯವರು, ರೈತರು, ತಾಯಂದಿರು, ಶಾಸ್ತ್ರವು ಅವರು ಮಾಡಿದ್ದಕ್ಕೆ ಆಮೇಲೆ ಹೆಸರಿಟ್ಟಿತು.

ಫ್ರಾನ್ಸಿನ ಅವೆರೋನ್ ಪ್ರಾಂತದ ಕಾಡಂಚಿನಲ್ಲಿ 1800ರಲ್ಲಿ ಸಿಕ್ಕ, ಮುಂದೆ ವಿಕ್ಟರ್ ಎಂದು ಹೆಸರಾದ ಹುಡುಗನ ಪ್ರಕರಣ ಈ ಮಾತಿಗೆ ಹಳೆಯ ಸಾಕ್ಷಿ. ಅವನು ಆಟಿಸ್ಟಿಕ್ ಆಗಿದ್ದಿರಬಹುದೆಂದು ನಂತರದ ಕೆಲವು ವಿದ್ವಾಂಸರು ಊಹಿಸಿದ್ದಾರೆ. ಎರಡು ಶತಮಾನದ ಆಚೆಯ ಮಗುವಿಗೆ ಇಂದಿನ ರೋಗನಿರ್ಣಯ ಅಂಟಿಸುವುದು ಅಪಾಯದ ಕೆಲಸವಾದರೂ, ಅವನಿಗೆ ಕಲಿಸಿದ ರೀತಿ ಮಾತ್ರ ಈ ಚರಿತ್ರೆಗೆ ನೇರವಾಗಿ ಸೇರಿದ್ದು. ಪ್ಯಾರಿಸಿನ ಕಿವುಡ-ಮೂಕರ ಸಂಸ್ಥೆಯ ವೈದ್ಯ ಜಾನ್ ಇಟಾರ್ ಸುಮಾರು ಐದು ವರ್ಷ ಅವನಿಗೆ ಮಾತು ಕಲಿಸಲು ಹೆಣಗಿ, ಮಾತು ಬಾರದೆ ಹೋದಾಗ ಪ್ರಯೋಗವನ್ನು ಕೈಬಿಟ್ಟನು. ಆದರೆ ಅದೇ ಅವಧಿಯಲ್ಲಿ ವಿಕ್ಟರ್ ಮನೆವಾರ್ತೆಯ ಮದಾಮ್ ಗೆರಾಂ ಅವರ ಜೊತೆಯಲ್ಲಿ ಊಟದ ಮೇಜು ಅಣಿಗೊಳಿಸುವುದನ್ನು ಕಲಿತಿದ್ದನು. ಆಕೆಯ ಗಂಡ ತೀರಿಕೊಂಡ ಮೇಲೆ ಒಂದು ದಿನ ವಿಕ್ಟರ್ ರೂಢಿಯಂತೆ ಆತನ ತಟ್ಟೆಯನ್ನೂ ಮೇಜಿನ ಮೇಲಿಟ್ಟನೆಂದೂ, ಆಕೆಯ ದುಃಖವನ್ನು ಕಂಡು ಆ ತಟ್ಟೆಯನ್ನು ಎತ್ತಿಟ್ಟವನು ಮತ್ತೆಂದೂ ಅದನ್ನು ಇಡಲಿಲ್ಲವೆಂದೂ ಇಟಾರ್ 1806ರ ತನ್ನ ವರದಿಯಲ್ಲಿ ದಾಖಲಿಸಿದ್ದಾನೆ. ಕೆಲಸ, ಅದರ ಕ್ರಮ, ಅದರ ಹಿಂದಿನ ಸಂಬಂಧ ಮೂರನ್ನೂ ಹುಡುಗ ಗ್ರಹಿಸಿದ್ದನು. ಆದರೂ ಪ್ರಯೋಗ ಸೋತಿತೆಂದೇ ತೀರ್ಮಾನವಾಯಿತು. ವೈದ್ಯನು ಕೈಬಿಟ್ಟ ಮೇಲೆ 1828ರಲ್ಲಿ ಸಾಯುವವರೆಗೂ ವಿಕ್ಟರ್ ಬದುಕಿದ್ದು ಮದಾಮ್ ಗೆರಾಂ ಅವರ ಆಸರೆಯಲ್ಲಿಯೇ.

ಇಟಾರ್‌ನ ಶಿಷ್ಯ ಎಡ್ವರ್ಡ್ ಸೆಗಾಂ ಬುದ್ಧಿಮಾಂದ್ಯವುಳ್ಳ ಮಕ್ಕಳಿಗೆ ಸ್ನಾಯು ಮತ್ತು ಇಂದ್ರಿಯಗಳ ಮೂಲಕ ಕಲಿಸುವ ಕ್ರಮವನ್ನು ಕಟ್ಟಿದನು. ಅವನ ಬರಹಗಳನ್ನು ಓದಿ ಬೆಳೆದ ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಮಕ್ಕಳ ಮನೆ ತೆರೆದಾಗ, ಕೈತೊಳೆಯುವುದು, ನೆಲ ಗುಡಿಸುವುದು, ಚೌಕಟ್ಟಿಗೆ ಹೊಲಿದ ಬಟ್ಟೆಯ ಮೇಲೆ ಗುಂಡಿ ಹಾಕಿ ಬಿಚ್ಚುವುದು ಪಾಠಪಟ್ಟಿಯಲ್ಲಿಯೇ ಸ್ಥಾನ ಪಡೆದವು. ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು ಎರಡನೆಯ ಮಹಾಯುದ್ಧದ ವರ್ಷಗಳನ್ನು ಭಾರತದಲ್ಲಿಯೇ ಕಳೆದುದರಿಂದ ಈ ಪದ್ಧತಿ ದಕ್ಷಿಣ ಭಾರತಕ್ಕೂ ಅಪರಿಚಿತವಾಗಿ ಉಳಿಯಲಿಲ್ಲ. ಆದರೆ ನಮ್ಮಲ್ಲಿ ಅದು ಹೆಚ್ಚಾಗಿ ಅನುಕೂಲಸ್ಥರ ಮಕ್ಕಳ ಶಿಶುವಿಹಾರವಾಗಿ ಬೇರೂರಿತು. ಅದರ ಬೇರುಗಳು ಬುದ್ಧಿಮಾಂದ್ಯವುಳ್ಳ ಮಕ್ಕಳ ವಾರ್ಡುಗಳಲ್ಲಿದ್ದವು ಎಂಬುದು ಮರೆತೇಹೋಯಿತು.

ಆಟಿಸಂ ಪ್ರತ್ಯೇಕ ಸ್ಥಿತಿಯಾಗಿ ವೈದ್ಯಲೋಕದ ಗಮನಕ್ಕೆ ಬಂದದ್ದು 1943ರಲ್ಲಿ, ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಪ್ರಕಟಿಸಿದ ಲೇಖನದಿಂದ. ಅದರಲ್ಲಿ ಮೊದಲನೆಯವನು ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಅವನ ತಂದೆತಾಯಿ 1942ರಲ್ಲಿ ಅವನನ್ನು ಮನೆಯಿಂದ ಸುಮಾರು 10 ಮೈಲಿ ದೂರದಲ್ಲಿದ್ದ ರೈತ ದಂಪತಿಗಳ ಹೊಲದ ಮನೆಯಲ್ಲಿ ಬಿಟ್ಟಿದ್ದರು. ಹುಡುಗನಿಗೆ ಅಳೆಯುವ ಗೀಳು, ಎಣಿಸುವ ಗೀಳು, ಸತ್ತ ಹಕ್ಕಿಹುಳುಗಳನ್ನು ಕೂಡಿಹಾಕುವ ಗೀಳು. ಈ ಗೀಳುಗಳನ್ನು ಬಿಡಿಸುವ ಗೋಜಿಗೆ ಆ ದಂಪತಿಗಳು ಹೋಗಲಿಲ್ಲ. ಅಳೆಯುವ ಹುಡುಗನಿಗೆ ಬಾವಿ ತೋಡಿ ಎಷ್ಟು ಆಳವಾಯಿತೆಂದು ತಿಳಿಸುವ ಕೆಲಸ ಕೊಟ್ಟರು. ಮುಸುಕಿನ ಜೋಳದ ಸಾಲುಗಳನ್ನು ಎಣಿಸುತ್ತಲೇ ಇರುತ್ತಿದ್ದವನ ಕೈಗೆ ನೇಗಿಲು ಕೊಟ್ಟು ಉಳುತ್ತಾ ಎಣಿಸು ಎಂದರು. ಸತ್ತ ಜೀವಿಗಳಿಗೆ ಹೊಲದ ಒಂದು ಮೂಲೆಯಲ್ಲಿ ಸ್ಮಶಾನವನ್ನೇ ಬಿಟ್ಟುಕೊಟ್ಟಾಗ ಅವನು ಪ್ರತಿಯೊಂದು ಗುಂಡಿಯ ಮೇಲೂ ಫಲಕ ನೆಟ್ಟು, ಹುಳುವಿನ ಹೆಸರಿಗೆ ಆ ರೈತ ಮನೆತನದ ಹೆಸರನ್ನು ಸೇರಿಸಿ ಬರೆಯುತ್ತಿದ್ದನು. 1945ರ ಮೇ ತಿಂಗಳಲ್ಲಿ ಅಲ್ಲಿಗೆ ಹೋದ ಕ್ಯಾನರ್, ಹುಡುಗ ಕುದುರೆಯನ್ನು ತಿರುಗಿಸಿಕೊಂಡು ಉದ್ದನೆಯ ಆರು ಸಾಲು ಉತ್ತದ್ದನ್ನು ಕಣ್ಣಾರೆ ಕಂಡು ಆ ದಂಪತಿಗಳ ವಿವೇಕಕ್ಕೆ ಬೆರಗಾದನು. ಡೊನಾಲ್ಡ್ ಮುಂದೆ ಕಾಲೇಜು ಪದವಿ ಪಡೆದು, ಊರಿನ ಬ್ಯಾಂಕಿನಲ್ಲಿ ನೌಕರಿ ಮಾಡಿ, ಕಾರು ಓಡಿಸಿಕೊಂಡು, ದೇಶವಿದೇಶ ಸುತ್ತಿ, ತನ್ನ ಊರಿನಲ್ಲಿಯೇ ಬಾಳಿದನು. ಆ ಬ್ಯಾಂಕು ತಾಯಿಯ ತವರಿನವರು ಕಟ್ಟಿದ್ದು ಎಂಬುದನ್ನೂ ಇಲ್ಲಿ ಸೇರಿಸಿ ಹೇಳಬೇಕು, ಏಕೆಂದರೆ ಸ್ವಾವಲಂಬನೆ ಎಂದು ಹೊಗಳಿಸಿಕೊಳ್ಳುವ ಬಾಳಿನ ಹಿಂದೆ ಸಾಮಾನ್ಯವಾಗಿ ಇಂಥ ಊರುಗೋಲುಗಳು ಇದ್ದೇ ಇರುತ್ತವೆ. ಅದೇ 11 ಮಕ್ಕಳ ಗತಿಯನ್ನು 1971ರಲ್ಲಿ ಮತ್ತೆ ಪರಿಶೀಲಿಸಿದ ಕ್ಯಾನರ್‌ಗೆ, ಸರ್ಕಾರಿ ಆಸ್ಪತ್ರೆಗಳಿಗೆ ಸೇರಿಸಲ್ಪಟ್ಟವರು ಬಂದಾಗ ಇದ್ದ ಸಾಮರ್ಥ್ಯವನ್ನೂ ಕಳೆದುಕೊಂಡದ್ದು ಕಂಡುಬಂದಿತು.

ಈ ಎರಡು ಗತಿಗಳ ನಡುವಣ ಅಂತರ ಕಣ್ಣಿಗೆ ಕಟ್ಟುವಂತಿದ್ದರೂ, ನಡುವಿನ ಎರಡು ದಶಕಗಳಲ್ಲಿ ಮೇಲುಗೈ ಪಡೆದದ್ದು ಬೇರೊಂದು ವಾದ. ತಾಯಿಯ ಪ್ರೀತಿಯ ಕೊರತೆಯಿಂದ ಮಗು ತನ್ನೊಳಗೆ ಮುದುಡಿಕೊಳ್ಳುತ್ತದೆ ಎಂಬ ಈ ವಾದಕ್ಕೆ ಕ್ಯಾನರ್‌ನ ಕೆಲವು ಮಾತುಗಳೇ ಇಂಬುಕೊಟ್ಟಿದ್ದವು. ಷಿಕಾಗೋದ ಬ್ರೂನೋ ಬೆಟೆಲ್‌ಹೈಮ್ 1967ರ ತನ್ನ ಪುಸ್ತಕದಿಂದ ಅದನ್ನು ಮನೆಮಾತಾಗಿಸಿದನು. ಮಗುವನ್ನು ಮನೆಯಿಂದ ಬೇರ್ಪಡಿಸುವುದೇ ಮದ್ದು ಎಂದಾದ ಮೇಲೆ ಮನೆಗೆಲಸವನ್ನು ಕಲಿಸುವ ಪ್ರಶ್ನೆಯೇ ಉಳಿಯಲಿಲ್ಲ. ಮಗನಿಗೆ ಚಡ್ಡಿ ತೊಡುವುದನ್ನು ಹೇಳಿಕೊಡಬೇಕಾದ ತಾಯಿಯೇ ರೋಗಕಾರಣವೆಂದು ನಿಂತಳು. ಮನಶ್ಶಾಸ್ತ್ರದ ಇತಿಹಾಸದಲ್ಲಿ ಇದರಷ್ಟು ನಿರಾಧಾರವೂ ಕ್ರೂರವೂ ಆದ ಆರೋಪಗಳು ಹೆಚ್ಚಿಲ್ಲ. ಸ್ವತಃ ಆಟಿಸ್ಟಿಕ್ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿಯೇ ಇದನ್ನು ಅಲ್ಲಗಳೆದು, ಆಟಿಸಂನ ಮೂಲ ಮಿದುಳಿನ ಬೆಳವಣಿಗೆಯಲ್ಲಿದೆ ಎಂದು ವಾದಿಸಿದ್ದನು.

ಇಂಗ್ಲೆಂಡಿನಲ್ಲಿ ತಂದೆತಾಯಿಯರು ವಾದಕ್ಕಿಂತ ಮೊದಲು ಶಾಲೆಗೆ ಕೈಹಾಕಿದರು. 1944ರ ಅಲ್ಲಿನ ಶಿಕ್ಷಣ ಕಾಯಿದೆಯಡಿ ಕೆಲವು ಮಕ್ಕಳನ್ನು ಶಿಕ್ಷಣಕ್ಕೇ ಅನರ್ಹರೆಂದು ಘೋಷಿಸಿ ಶಾಲೆಯಿಂದ ಹೊರಗಿಡಲು ಅವಕಾಶವಿತ್ತು. ಆ ಅವಕಾಶ ರದ್ದಾದದ್ದು 1970ರ ಕಾಯಿದೆಯಿಂದ. ಅದಕ್ಕೆ ಮೊದಲೇ, 1962ರಲ್ಲಿ, ಲಂಡನ್ನಿನ ಪೋಷಕರು ಸಂಘ ಕಟ್ಟಿಕೊಂಡರು. ಮನೋವೈದ್ಯೆ ಲೋರ್ನಾ ವಿಂಗ್ ಅದರ ಸ್ಥಾಪಕರಲ್ಲೊಬ್ಬರಾಗಿದ್ದು, ಆಕೆಯೂ ಆಟಿಸ್ಟಿಕ್ ಮಗಳ ತಾಯಿ. ಮಾಂಟೆಸ್ಸರಿ ತರಬೇತಿ ಪಡೆದ ಸಿಬಿಲ್ ಎಲ್ಗರ್ ತನ್ನ ಮನೆಯ ನೆಲಮಾಳಿಗೆಯಲ್ಲಿ ಇಂಥ ಕೆಲವು ಮಕ್ಕಳಿಗೆ ಪಾಠ ಶುರುಮಾಡಿದ್ದಳು. 1965ರಲ್ಲಿ ಸಂಘವು ಈಲಿಂಗ್ ಎಂಬಲ್ಲಿ ತೆರೆದ ಶಾಲೆಗೆ ಆಕೆಯೇ ಮುಖ್ಯಸ್ಥೆಯಾದಳು. ಆಕೆಯ ಕ್ರಮದಲ್ಲಿ ನಿಗೂಢವಾದದ್ದೇನೂ ಇರಲಿಲ್ಲ: ದಿನಕ್ಕೊಂದು ನಿಶ್ಚಿತ ವೇಳಾಪಟ್ಟಿ, ಚಿಕ್ಕ ಸ್ಪಷ್ಟ ಮಾತು, ಕೈಹಿಡಿದು ತೋರಿಸುವ ತಾಳ್ಮೆ. ಮಕ್ಕಳು ಬೆಳೆದು ಶಾಲೆಯ ವಯಸ್ಸು ದಾಟಿದಾಗ ಆಕೆಗೂ ಪೋಷಕರಿಗೂ ಎದುರಾದ ಪ್ರಶ್ನೆ ದೊಡ್ಡದು. ಅದಕ್ಕೆ ಉತ್ತರವಾಗಿ 1974ರಲ್ಲಿ ಸೋಮರ್‌ಸೆಟ್ ಪ್ರಾಂತದಲ್ಲಿ ಸೋಮರ್‌ಸೆಟ್ ಕೋರ್ಟ್ ಎಂಬ ವಯಸ್ಕರ ವಸತಿ ಸಮುದಾಯ ಆರಂಭವಾಯಿತು. ಯೂರೋಪಿನಲ್ಲಿ ಆಟಿಸ್ಟಿಕ್ ವಯಸ್ಕರಿಗೆಂದೇ ತೆರೆದ ಮೊದಲ ನೆಲೆ ಅದೆಂದು ಹೇಳಲಾಗುತ್ತದೆ.

ಮನೆಯ ಅನುಭವವನ್ನು ಪದ್ಧತಿಯಾಗಿ ರೂಪಿಸಿದ ಕೀರ್ತಿ ಮುಖ್ಯವಾಗಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯಕ್ಕೆ ಸಲ್ಲುತ್ತದೆ. ನಾಜಿ ಜರ್ಮನಿಯಿಂದ ಬಾಲ್ಯದಲ್ಲಿಯೇ ಕುಟುಂಬದೊಡನೆ ಪಾರಾಗಿ ಬಂದಿದ್ದ ಯಹೂದಿ ಮನಶ್ಶಾಸ್ತ್ರಜ್ಞ ಎರಿಕ್ ಷಾಪ್ಲರ್, ಆಟಿಸ್ಟಿಕ್ ಮಕ್ಕಳ ತಂದೆತಾಯಿಯರನ್ನು ಬಲಿಪಶು ಮಾಡಲಾಗುತ್ತಿದೆ ಎಂದು 1971ರಲ್ಲಿ ಬರೆದನು. ನಿರಪರಾಧಿಗಳ ತಲೆಗೆ ತಪ್ಪು ಕಟ್ಟುವ ಬಗೆಯನ್ನು ಎಳವೆಯಲ್ಲಿಯೇ ಕಂಡವನು ಹೀಗೆ ಬರೆದದ್ದು ಆಕಸ್ಮಿಕವಿರಲಾರದು. ಚಾಪೆಲ್ ಹಿಲ್ ವಿಶ್ವವಿದ್ಯಾಲಯದಲ್ಲಿ ಅವನೂ ರಾಬರ್ಟ್ ರೈಕ್ಲರ್ ಎಂಬ ವೈದ್ಯನೂ 1966ರಿಂದ ನಡೆಸಿದ ಯೋಜನೆಯಲ್ಲಿ, ತಾಯಿತಂದೆ ಒಮ್ಮುಖ ಗಾಜಿನ ಹಿಂದೆ ಕುಳಿತು ಚಿಕಿತ್ಸಕರು ಮಗುವಿನೊಡನೆ ಕೆಲಸ ಮಾಡುವುದನ್ನು ನೋಡುತ್ತಿದ್ದರು; ಮನೆಗೆ ಹೋಗಿ ತಾವೇ ಮಾಡಿ, ಮುಂದಿನ ಬಾರಿ ಬಂದಾಗ ಅವರು ಕಲಿಸುವುದನ್ನು ಚಿಕಿತ್ಸಕರು ಗಾಜಿನ ಹಿಂದೆ ಕುಳಿತು ನೋಡುತ್ತಿದ್ದರು. ಪೋಷಕರ ಒತ್ತಾಯದ ಫಲವಾಗಿ 1972ರಲ್ಲಿ ರಾಜ್ಯದ ಶಾಸನಸಭೆ ಇದನ್ನು ಟೀಚ್ ಎಂಬ ಹೆಸರಿನ ರಾಜ್ಯವ್ಯಾಪಿ ಕಾರ್ಯಕ್ರಮವನ್ನಾಗಿ ಸ್ಥಾಪಿಸಿತು.

ಈ ಕಾರ್ಯಕ್ರಮದಿಂದ ಬೆಳೆದ ರಚನಾಬದ್ಧ ಬೋಧನೆಯ ತಿರುಳು ಇಷ್ಟು: ವ್ಯಕ್ತಿಯನ್ನು ತಿದ್ದುವುದಕ್ಕೆ ಮೊದಲು ಅವನ ಸುತ್ತಣ ಕೆಲಸವನ್ನು ಕಣ್ಣಿಗೆ ಅರ್ಥವಾಗುವಂತೆ ಜೋಡಿಸಬೇಕು. ಉಣ್ಣುವ ಜಾಗ, ಕೆಲಸದ ಜಾಗ, ಬಿಡುವಿನ ಜಾಗ ಬೇರೆಬೇರೆಯಾಗಿ ಕಾಣಬೇಕು. ದಿನಚರಿಯನ್ನು ವಸ್ತು, ಚಿತ್ರ ಅಥವಾ ಬರಹದ ಮೂಲಕ ಸಾಲಾಗಿ ತೋರಿಸಬೇಕು. ಮುಗಿದ ಕೆಲಸವನ್ನು ಹಾಕಲು ಬಲಗಡೆ ಒಂದು ಪೆಟ್ಟಿಗೆ ಇರಬೇಕು. ಊಟಕ್ಕೆ ಅಣಿಮಾಡುವ ಚಾಪೆಯ ಮೇಲೆ ತಟ್ಟೆ, ಲೋಟ, ಚಮಚಗಳ ಆಕಾರವನ್ನು ಗೆರೆಯಲ್ಲಿ ಬರೆದಿಟ್ಟರೆ, ಹೇಳುವವರಿಲ್ಲದೆಯೂ ಕೆಲಸ ತಾನೇ ತನ್ನ ಕ್ರಮವನ್ನು ಹೇಳುತ್ತದೆ.

ಇದೇ ಕಾಲದಲ್ಲಿ ವರ್ತನಾವಾದಿಗಳು, ಎಂದರೆ ಬಹುಮಾನ ಮತ್ತು ಪರಿಣಾಮಗಳಿಂದ ನಡವಳಿಕೆ ರೂಪುಗೊಳ್ಳುತ್ತದೆ ಎನ್ನುವ ಪಂಥದವರು, ಕೆಲಸವನ್ನು ಹಂತಗಳಾಗಿ ಒಡೆಯುವ ತಂತ್ರವನ್ನು ಸೂಕ್ಷ್ಮಗೊಳಿಸಿದರು. ನಮ್ಮ ಬಚ್ಚಲುಮನೆಗೆ ಇದನ್ನು ಒಗ್ಗಿಸಿದರೆ ಬಕೆಟ್ಟಿಗೆ ನೀರು ಬಿಡುವುದು, ಬಿಸಿ ಹದವನ್ನು ಕೈಯಿಂದ ನೋಡುವುದು, ಚೊಂಬಿನಿಂದ ಮೈಗೆ ಸುರಿದುಕೊಳ್ಳುವುದು, ಸೋಪು ಹಚ್ಚುವುದು, ನೊರೆ ಹೋಗುವವರೆಗೆ ಮತ್ತೆ ಸುರಿದುಕೊಳ್ಳುವುದು, ಒರೆಸಿಕೊಳ್ಳುವುದು ಒಂದೊಂದೂ ಪ್ರತ್ಯೇಕ ಪಾಠ. ಹಿಮ್ಮುಖ ಸರಣಿ ಎಂಬ ಉಪಾಯದಲ್ಲಿ ಕೊನೆಯ ಹಂತವನ್ನು ಮೊದಲು ಕಲಿಸುತ್ತಾರೆ: ಚಡ್ಡಿಯನ್ನು ಮೊಣಕಾಲಿನವರೆಗೆ ಶಿಕ್ಷಕಿ ಏರಿಸಿ, ಸೊಂಟದವರೆಗೆ ಎಳೆದುಕೊಳ್ಳುವುದನ್ನು ಮಾತ್ರ ಮಗುವಿಗೆ ಬಿಟ್ಟರೆ, ಕೆಲಸ ಮುಗಿಸಿದ ತೃಪ್ತಿ ಮೊದಲ ದಿನವೇ ಅದರ ಪಾಲಿಗೆ ಬರುತ್ತದೆ. ತಂತ್ರ ಉತ್ತಮವಾಗಿದ್ದರೂ ಅದರ ಹುಟ್ಟಿನ ಕಥೆ ನಿಷ್ಕಳಂಕವಲ್ಲ. ಲಾಸ್ ಏಂಜಲಿಸಿನಲ್ಲಿ ಈ ಪಂಥದ ಐವರ್ ಲೋವಾಸ್ 1960ರ ದಶಕದಲ್ಲಿ ಮಕ್ಕಳಿಗೆ ಏಟು ಮತ್ತು ವಿದ್ಯುದಾಘಾತ ಕೊಟ್ಟು ನಡೆಸಿದ ಪ್ರಯೋಗಗಳ ಕಹಿ ಇಂದಿಗೂ ಉಳಿದಿದೆ.

ಕಲಿಕೆಯನ್ನು ಅಳೆಯುವ ಕೆಲಸದಲ್ಲಿ ಮೈಸೂರಿಗೂ ಒಂದು ಪಾಲಿದೆ. ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಶಾಲೆಯ ಎಡ್ಗರ್ ಡಾಲ್ 1935ರಲ್ಲಿ ಪ್ರಕಟಿಸಿದ ಸಾಮಾಜಿಕ ಪ್ರೌಢತೆಯ ಮಾಪನವು ಉಣ್ಣುವುದು, ಉಡುವುದು, ಓಡಾಡುವುದು ಮುಂತಾದ ಸಂಗತಿಗಳನ್ನು ವಯಸ್ಸಿನ ಕ್ರಮದಲ್ಲಿ ಪಟ್ಟಿಮಾಡಿತ್ತು. ಫೋರ್ಕು ಹಿಡಿದು ತಿನ್ನುವುದು, ಚಾಕುವಿನಿಂದ ಬೆಣ್ಣೆ ಸವರುವುದು ಅಮೆರಿಕದ ಮಗುವಿನ ಮೈಲಿಗಲ್ಲುಗಳಾಗಿರಬಹುದು. ಅನ್ನಕ್ಕೆ ಸಾರು ಕಲಸಿ ಸೋರದಂತೆ ತುತ್ತು ಕಟ್ಟುವ ಮನೆಯಲ್ಲಿ ಅವುಗಳಿಂದ ಏನನ್ನೂ ಅಳೆಯಲಾಗದು. ನಾಗಪುರದ ಎ. ಜೆ. ಮಾಲಿನ್ ಈ ಮಾಪನವನ್ನು ಭಾರತಕ್ಕೆ ಒಗ್ಗಿಸಿದರು, ಮೈಸೂರಿನಲ್ಲಿ ಜೆ. ಭರತ್ ರಾಜ್ ಅದನ್ನು ವಿಸ್ತರಿಸಿದರು. ಮದರಾಸಿನ ಪಿ. ಜಯಚಂದ್ರನ್ ಮತ್ತು ವಿ. ವಿಮಲಾ ರೂಪಿಸಿದ ಇನ್ನೊಂದು ಪಟ್ಟಿ 18 ವಿಭಾಗಗಳಲ್ಲಿ 360 ಕೌಶಲಗಳನ್ನು ಹೊಂದಿದ್ದು, ದೇಶದ ಎಷ್ಟೋ ವಿಶೇಷ ಶಾಲೆಗಳಲ್ಲಿ ಬಳಕೆಯಲ್ಲಿದೆ.

ಭಾರತದಲ್ಲಿಯೂ ಆಟಿಸಂಗೆಂದೇ ಕೆಲಸ ಆರಂಭವಾದದ್ದು ತಾಯಂದಿರಿಂದ. ಆಟಿಸ್ಟಿಕ್ ಮಗನ ತಾಯಿ ಮೆರಿ ಬರುವಾ 1991ರಲ್ಲಿ ದೆಹಲಿಯಲ್ಲಿ ಆ್ಯಕ್ಷನ್ ಫಾರ್ ಆಟಿಸಂ ಸಂಸ್ಥೆಯನ್ನು ಕಟ್ಟಿದರು. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಅದನ್ನು ಮೊದಲು ಒಳಗೊಂಡಿತು. 2016ರ ಹೊಸ ಅಂಗವಿಕಲರ ಕಾಯಿದೆಯ 21 ವಿಧದ ಅಂಗವೈಕಲ್ಯಗಳಲ್ಲಿ ಅದಕ್ಕೆ ಸ್ಥಾನ ದೊರೆಯಿತು.

1990ರ ದಶಕದಿಂದ ಆಟಿಸ್ಟಿಕ್ ವ್ಯಕ್ತಿಗಳೇ ಬರೆಯಲು, ಸಂಘಟಿತರಾಗಲು ತೊಡಗಿದ ಮೇಲೆ ಈ ವಿದ್ಯೆಯ ಉದ್ದೇಶವೇ ಪ್ರಶ್ನೆಗೊಳಗಾಯಿತು. ಅಮೆರಿಕದ ಜಿಮ್ ಸಿಂಕ್ಲೇರ್ 1993ರ ಬರಹದಲ್ಲಿ, ಬಯಸಿದ ಮಗು ಸಿಗಲಿಲ್ಲವೆಂಬ ದುಃಖವನ್ನು ಎದುರಿಗಿರುವ ಮಗುವಿನ ಮೇಲೆ ಹೇರಬೇಡಿ ಎಂಬ ಅರ್ಥದಲ್ಲಿ ಪೋಷಕರನ್ನು ಎಚ್ಚರಿಸಿದರು. ಕಲಿಸುವುದು ಯಾರ ಅನುಕೂಲಕ್ಕೆ? ಆಟಿಸ್ಟಿಕ್ ಮಗು ಮತ್ತೆ ಮತ್ತೆ ಕೈ ಬೀಸುವುದನ್ನು ನಿಲ್ಲಿಸುವುದು ನೋಡುವವರ ನೆಮ್ಮದಿಗೆ. ಕುಕ್ಕರಿನಲ್ಲಿ ಅನ್ನ ಮಾಡಿಕೊಳ್ಳಲು ಬಂದರೆ ಅದು ಕಲಿತವರ ಬಾಳಿಗೆ. ಮೊದಲನೆಯದಕ್ಕೆ ಹಿಂದೆ ಎಷ್ಟೋ ಗಂಟೆಗಳು ವ್ಯಯವಾಗಿವೆ; ಅದು ವ್ಯರ್ಥವೆಂದು ಇಂದು ನಿಸ್ಸಂಕೋಚವಾಗಿ ಹೇಳಬಹುದು.

ಈ ಬಾಳಿಗೆ ಕಾನೂನಿನ ಬೆಂಬಲವೂ ಇದೆ: 2016ರ ಕಾಯಿದೆಯ 5ನೆಯ ಪ್ರಕರಣವು ಅಂಗವಿಕಲರಿಗೆ ಸಮುದಾಯದಲ್ಲಿ ಬಾಳುವ ಹಕ್ಕನ್ನು ಕೊಟ್ಟು, ಇಂಥದೇ ವಸತಿಯಲ್ಲಿರಬೇಕೆಂಬ ಕಟ್ಟಳೆಗೆ ಅವರು ಒಳಪಡದಂತೆ ನೋಡಿಕೊಳ್ಳಲು ಮತ್ತು ಮನೆಯಲ್ಲಿಯೂ ಹೊರಗೂ ಬೇಕಾದ ವೈಯಕ್ತಿಕ ನೆರವನ್ನು ದೊರಕಿಸಲು ಸರ್ಕಾರ ಯತ್ನಿಸಬೇಕೆನ್ನುತ್ತದೆ. ಆದರೆ ಚಿಕ್ಕ ಮಕ್ಕಳ ಚಿಕಿತ್ಸಾ ಕೇಂದ್ರಗಳು ನಗರಗಳಲ್ಲಿ ಹೆಚ್ಚಿದ ವೇಗದಲ್ಲಿ ವಯಸ್ಕರ ನೆಲೆಗಳು ಹೆಚ್ಚಿಲ್ಲ. ತಮ್ಮ ನಂತರ ಮಗ ಅಥವಾ ಮಗಳು ಯಾರ ಜೊತೆ, ಎಲ್ಲಿ ಬಾಳಬೇಕೆಂಬ ಪ್ರಶ್ನೆಗೆ ಉತ್ತರವಾಗಿ ಜಾಗ ಹುಡುಕುವ, ಹಣ ಕೂಡಿಸುವ, ನೆರವಿನವರನ್ನು ತರಬೇತುಗೊಳಿಸುವ ಕೆಲಸವನ್ನು ಈಗಲೂ ಹೆಚ್ಚಾಗಿ ತಂದೆತಾಯಿಯರೇ ಸಂಘ ಕಟ್ಟಿಕೊಂಡು ಮಾಡುತ್ತಿದ್ದಾರೆ.