ಪೌರನೀತಿಯಿಂದ ಪೌರಪ್ರಜ್ಞೆಗೆ

ಶತಮಾನದ ಹಾದಿಯನ್ನು ಹಿಂದಿರುಗಿ ನೋಡುವ ಇಂತಹ ಸಂದರ್ಭದಲ್ಲಿ, ನಮ್ಮ ಪ್ರೌಢಶಾಲೆಗಳು ಮಕ್ಕಳಿಗೆ ಏನನ್ನು ಕಲಿಸಿದವೆಂದು ಕೇಳಿಕೊಳ್ಳುವುದು ಉಚಿತವೇ ಸರಿ. ಗಣಿತ, ವಿಜ್ಞಾನ, ಭಾಷೆಗಳ ಮಾತು ಎಲ್ಲೆಡೆ ಕೇಳಿಬರುತ್ತದೆ. ಆದರೆ ಸರಕಾರ ಹೇಗೆ ನಡೆಯುತ್ತದೆ, ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪಾಠಗಳ ಚರಿತ್ರೆಯನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಪೌರನೀತಿ ನಮ್ಮ ಶಾಲೆಗಳನ್ನು ಪ್ರವೇಶಿಸಿದ್ದು ಬ್ರಿಟಿಷರ ಆಳ್ವಿಕೆಯಲ್ಲಿ. ಪ್ರಜೆಗಳ ನಿಷ್ಠೆ ಕುಂದುತ್ತಿದ್ದ ಆ ಕಾಲದಲ್ಲಿ ವಿಧೇಯತೆಯ ಬೋಧನೆಗೆ ಅದರಲ್ಲಿ ಪ್ರಾಧಾನ್ಯವಿತ್ತೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸ್ಪಷ್ಟವಾಗಿ ಹೇಳಿದೆ. ಆಳುವವರಿಗೆ ಬೇಕಾಗಿದ್ದುದು ಕೇಳುವ ಪೌರನಲ್ಲ, ನಡೆದುಕೊಳ್ಳುವ ಪೌರ.

ಸ್ವಾತಂತ್ರ್ಯದೊಡನೆ ಗುರಿ ಬದಲಾಯಿತು. ಪ್ರಥಮ ಮಹಾಚುನಾವಣೆ ಮುಗಿದ 1952ರಲ್ಲಿಯೇ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯಲ್ಲಿ ಮಾಧ್ಯಮಿಕ ಶಿಕ್ಷಣ ಆಯೋಗವು ನೇಮಕಗೊಂಡಿತು. ಪ್ರಜಾಪ್ರಭುತ್ವಕ್ಕೆ ತಕ್ಕ ಪೌರರನ್ನು ರೂಪಿಸುವುದು ಪ್ರೌಢಶಿಕ್ಷಣದ ಪ್ರಮುಖ ಗುರಿಯೆಂದು ಆಯೋಗವು ಸಾರಿತು. ಗುರಿ ಬದಲಾದರೂ ವಿಧಾನವು ಬಹುಕಾಲ ಬದಲಾಗಲಿಲ್ಲ. ರಾಜ್ಯಸಭೆಯ ಸದಸ್ಯರ ಸಂಖ್ಯೆ, ರಾಷ್ಟ್ರಪತಿಗಳ ಅಧಿಕಾರ, ಪಂಚವಾರ್ಷಿಕ ಯೋಜನೆಗಳ ವರ್ಷಗಳು, ಇವನ್ನು ಬಾಯಿಪಾಠ ಮಾಡಿ ಒಪ್ಪಿಸುವುದೇ ಕಲಿಕೆಯೆನಿಸಿತು.

ಈ ನಡುವೆ ದೇಶವು ಒಂದು ಮಹತ್ವದ ಹೆಜ್ಜೆಯನ್ನಿರಿಸಿತು. ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹತ್ತನೆಯ ತರಗತಿಗೂ ಮತಪೆಟ್ಟಿಗೆಗೂ ನಡುವಿನ ಅಂತರ ಎರಡು ಮೂರು ವರ್ಷಗಳಿಗೆ ಕುಗ್ಗಿತು. ಎಸ್.ಎಸ್.ಎಲ್.ಸಿ.ಯ ಅನಂತರ ಓದನ್ನು ನಿಲ್ಲಿಸುವವರೂ ವಿಜ್ಞಾನವನ್ನು ಆರಿಸಿಕೊಳ್ಳುವವರೂ ಈ ವಿಷಯಗಳನ್ನು ಮತ್ತೆ ಕ್ರಮವಾಗಿ ಓದುವುದು ವಿರಳ. ಅವರ ಪಾಲಿಗೆ ಪ್ರೌಢಶಾಲೆಯ ಈ ಪಾಠವೇ ಮೊದಲನೆಯದೂ ಕೊನೆಯದೂ ಆಗಿದೆ.

ಪಠ್ಯಗಳಲ್ಲಿ ನಿಜವಾದ ಬದಲಾವಣೆ ಕಾಣಿಸಿದ್ದು 2005ರ ಚೌಕಟ್ಟಿನ ತರುವಾಯ. ಪೌರನೀತಿಯ ಸ್ಥಾನಕ್ಕೆ ರಾಜ್ಯಶಾಸ್ತ್ರ ಬರಬೇಕೆಂದು ಅದು ಸೂಚಿಸಿತು. 2006ರಲ್ಲಿ ಹೊರಬಂದ ಎನ್.ಸಿ.ಇ.ಆರ್.ಟಿ.ಯ ಒಂಬತ್ತನೆಯ ತರಗತಿಯ ಅರ್ಥಶಾಸ್ತ್ರ ಪುಸ್ತಕವು ಪಾಲಂಪುರವೆಂಬ ಕಾಲ್ಪನಿಕ ಹಳ್ಳಿಯ ಕಥೆಯಿಂದ ಆರಂಭವಾಯಿತು. ಅಲ್ಲಿಯ 450 ಕುಟುಂಬಗಳಲ್ಲಿ 150 ಕುಟುಂಬಗಳಿಗೆ ಭೂಮಿಯಿಲ್ಲ; ಅವರಲ್ಲಿ ಹೆಚ್ಚಿನವರು ದಲಿತರು. ಸರಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವ ಕೃಷಿಕಾರ್ಮಿಕನೊಬ್ಬ ಅಲ್ಲಿದ್ದಾನೆ. ಕಾನೂನಿದ್ದೂ ಆತನಿಗೆ ನ್ಯಾಯವಾದ ಕೂಲಿ ಏಕೆ ದೊರೆಯದು? ಕೆಲಸ ಕಡಿಮೆ, ಕೆಲಸಕ್ಕೆ ಕಾಯುವವರು ಹೆಚ್ಚು. ಆದುದರಿಂದ ಸಿಕ್ಕಷ್ಟಕ್ಕೆ ಒಪ್ಪುತ್ತಾರೆ. ಇದು ಅರ್ಥಶಾಸ್ತ್ರದ ಉತ್ತರ. ಆ ಕಾನೂನನ್ನು ಜಾರಿಗೊಳಿಸಬೇಕಾದವರು ಯಾರು, ಅವರನ್ನು ಪ್ರಶ್ನಿಸುವ ಹಕ್ಕು ಯಾರದು? ಇದು ರಾಜ್ಯಶಾಸ್ತ್ರದ ಪ್ರಶ್ನೆ. ಒಂದನ್ನು ಬಿಟ್ಟು ಇನ್ನೊಂದನ್ನು ಕಲಿಸಿದರೆ ಎರಡೂ ಅರ್ಧಪಾಠಗಳೇ.

ಕರ್ನಾಟಕದ ಪ್ರೌಢಶಾಲೆಗಳ ಸಮಾಜ ವಿಜ್ಞಾನದಲ್ಲಿಯೂ ಇತಿಹಾಸ, ಭೂಗೋಳಗಳ ಜೊತೆಗೆ ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳು ಸೇರಿಕೊಂಡಿವೆ. ಪುಸ್ತಕದ ಹೊರಗೂ ದಾರಿಗಳಿವೆ. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯು ಗ್ರಾಮಸಭೆಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟಿತು. ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆಗಳೂ ನಡೆದಿವೆ. ಶಾಲೆಯ ದಾರಿಯ ಕೆಟ್ಟ ಸೇತುವೆಯನ್ನು ಕುರಿತು ಎದ್ದುನಿಂತು ಕೇಳುವ ಹುಡುಗಿಯು ಆಡಳಿತವನ್ನು ಕಲಿಯುತ್ತಾಳೆ. ಅದರ ದುರಸ್ತಿಗೆ ಹಣ ಯಾವ ಬಾಬತ್ತಿನಿಂದ ಬರಬೇಕೆಂದು ವಿಚಾರಿಸಿದಾಗ ಅರ್ಥಶಾಸ್ತ್ರವನ್ನೂ ಕಲಿಯುತ್ತಾಳೆ.

ಅಂಕಗಳ ಲೆಕ್ಕದಲ್ಲಿ ಈ ಪಾಠಗಳನ್ನು ಹಗುರವೆಂದು ಎಣಿಸುವ ರೂಢಿ ಇನ್ನೂ ಉಳಿದಿದೆ. ನಾಳೆ ಸಾಲಪತ್ರಕ್ಕೆ ಸಹಿ ಹಾಕುವವರೂ, ಕೂಲಿಯನ್ನು ಎಣಿಸಿಕೊಳ್ಳುವವರೂ, ಮತ ನೀಡುವವರೂ ಇದೇ ಮಕ್ಕಳು. ಓದಿ ಒಪ್ಪಿಸುವುದರ ಜೊತೆಗೆ ಪ್ರಶ್ನಿಸುವ ಧೈರ್ಯವನ್ನೂ ಅವರಿಗೆ ಕೊಡುವುದು ಪಾಲಕರಾದ, ಉಪಾಧ್ಯಾಯರಾದ ನಮ್ಮೆಲ್ಲರ ಹೊಣೆಯಾಗಿದೆ.