ಕನ್ನಡಿ ಕಳಚಿದ ಕ್ಯಾಮೆರಾ

ಪ್ರಯೋಗಾಲಯಕ್ಕೆಂದು ಕ್ಯಾಮೆರಾ ಕೊಳ್ಳಲು ಹೋಗಿ ನೋಡಿ; ಅಂಗಡಿಯವರು ಮೊದಲು ಹೇಳುವುದು ಅದರಲ್ಲಿ ಎಷ್ಟು ಮೆಗಾಪಿಕ್ಸೆಲ್ ಇದೆ ಎಂಬುದನ್ನು. ಸ್ಥಿರಚಿತ್ರ ತೆಗೆಯುವವರಿಗೆ ಆ ಸಂಖ್ಯೆ ಸ್ವಲ್ಪಮಟ್ಟಿಗೆ ಉಪಯುಕ್ತ. ಬೀಳುವ ಗುಂಡಿನ ವಿಡಿಯೊ ತೆಗೆದು, ಫ್ರೇಮಿನಿಂದ ಫ್ರೇಮಿಗೆ ಅದರ ಸ್ಥಾನ ಗುರುತಿಸಿ, ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕುವ ಶಿಕ್ಷಕರಿಗೆ ಬೇಕಾದದ್ದು ಬೇರೆಯೇ ಒಂದು ಸಂಖ್ಯೆ. ಪೆಟ್ಟಿಗೆಯ ಮೇಲೆ ಅದನ್ನು ಸಾಮಾನ್ಯವಾಗಿ ಮುದ್ರಿಸಿರುವುದಿಲ್ಲ. ಅದು ಯಾವುದೆಂದು ತಿಳಿಯಲು 2008ಕ್ಕೆ ಹೋಗಬೇಕು.

ಎಸ್.ಎಲ್.ಆರ್. ಕ್ಯಾಮೆರಾದ ರಚನೆ ನಿಮಗೆ ಗೊತ್ತಿರಬಹುದು. ಮಸೂರದ ಹಿಂದೆ 45 ಡಿಗ್ರಿ ಕೋನದಲ್ಲಿರುವ ಕನ್ನಡಿ ಬೆಳಕನ್ನು ಮೇಲಕ್ಕೆ ಪ್ರತಿಫಲಿಸಿ, ಪ್ರಿಸಂ ಮೂಲಕ ಕಣ್ಣಿಗೆ ತಲುಪಿಸುತ್ತದೆ. ಹಿಂಬದಿಯ ಇನ್ನೊಂದು ಚಿಕ್ಕ ಕನ್ನಡಿ ಕೊಂಚ ಬೆಳಕನ್ನು ಕೆಳಗಿರುವ ಫೋಕಸ್ ಸಂವೇದಕಕ್ಕೆ ಕಳಿಸುತ್ತದೆ. 2008ರ ಆಗಸ್ಟಿನಲ್ಲಿ ಪ್ರಕಟವಾದ ನಿಕಾನ್ ಡಿ90 ಈ ಜಾತಿಯಲ್ಲಿ ವಿಡಿಯೊ ತೆಗೆಯಬಲ್ಲ ಮೊದಲ ಕ್ಯಾಮೆರಾ. ತಿಂಗಳೊಳಗೆ ಕೆನಾನ್ 5ಡಿ ಮಾರ್ಕ್ 2 ಬಂತು. ಆದರೆ ವಿಡಿಯೊ ನಡೆಯುವಷ್ಟು ಹೊತ್ತೂ ಕನ್ನಡಿ ಮೇಲೆದ್ದೇ ಇರಬೇಕು. ಅಂದರೆ ಕಣ್ಣಿಗೂ ಕತ್ತಲೆ, ಫೋಕಸ್ ಸಂವೇದಕಕ್ಕೂ ಕತ್ತಲೆ! ಹಾಗಿದ್ದರೂ ದೊಡ್ಡ ಸಂವೇದಕದ ಬಿಂಬ ಚಿತ್ರೋದ್ಯಮವನ್ನು ಸೆಳೆಯಿತು. 2010ರಲ್ಲಿ ಅಮೆರಿಕದ ‘ಹೌಸ್’ ಟಿವಿ ಧಾರಾವಾಹಿಯ ಒಂದು ಕಂತನ್ನು 5ಡಿ ಮಾರ್ಕ್ 2ರಲ್ಲೇ ಚಿತ್ರೀಕರಿಸಿದರು.

ಕೆಲಸಕ್ಕೆ ಬಾರದ ಕನ್ನಡಿ ಇರುವುದಾದರೂ ಏಕೆ? ಪ್ಯಾನಸಾನಿಕ್ ಅದನ್ನು ತೆಗೆದೇ ಹಾಕಿ 2008ರಲ್ಲಿ ಜಿ1 ಎಂಬ ಮಾದರಿಯನ್ನು ಹೊರತಂದಿತು. ತಮಾಷೆಯೆಂದರೆ ಅದರಲ್ಲಿ ವಿಡಿಯೊ ಇರಲಿಲ್ಲ. ಆ ಕೊರತೆ ತುಂಬಿದ್ದು 2009ರ ಜಿಎಚ್1. ಅದರೊಡನೆ ಬಂದ 14-140 ಮಿ.ಮೀ. ಮಸೂರಕ್ಕೆ ಸದ್ದು ಮಾಡದ ಮೋಟಾರು ಇತ್ತು. ಅದರ ದ್ಯುತಿರಂಧ್ರ ಹಂತಹಂತವಾಗಿ ಜಿಗಿಯದೆ ನಯವಾಗಿ ಹಿಗ್ಗಿ ಕುಗ್ಗುತ್ತಿತ್ತು. ವಿಡಿಯೊವನ್ನೇ ಮನಸ್ಸಿನಲ್ಲಿಟ್ಟು ಮಾಡಿದ ವಿನ್ಯಾಸವಿದು. 2014ರ ಜಿಎಚ್4 ತನ್ನ ಕಾರ್ಡಿನಲ್ಲೇ 4ಕೆ ವಿಡಿಯೊ ದಾಖಲಿಸಿತು. ಆಗಿನ ಅನೇಕ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ನಿಂತುಬಿಡುತ್ತಿದ್ದವು. ಇದಕ್ಕೆ ಕಾರಣ ಭೌತವಿಜ್ಞಾನವಲ್ಲ, ಐರೋಪ್ಯ ಒಕ್ಕೂಟದ ಸುಂಕದ ಪಟ್ಟಿ. ಅರ್ಧ ಗಂಟೆ ಮೀರಿದರೆ ಅದನ್ನು ವಿಡಿಯೊ ಕ್ಯಾಮೆರಾ ಎಂದು ಪರಿಗಣಿಸಿ ಸುಂಕ ಹಾಕುತ್ತಿದ್ದರು.

ಈಗ ಮೆಗಾಪಿಕ್ಸೆಲ್ ವಿಚಾರಕ್ಕೆ ಬರೋಣ. 4ಕೆ ಫ್ರೇಮಿನಲ್ಲಿರುವುದು 3840×2160, ಅಂದರೆ ಸುಮಾರು 83 ಲಕ್ಷ ಬಿಂದುಗಳು. ಸೋನಿಯ ಎ7ಆರ್ (2013) ಸಂವೇದಕದಲ್ಲಿ 364 ಲಕ್ಷ ಬಿಂದುಗಳಿದ್ದವು. ಅಷ್ಟನ್ನೂ ಸೆಕೆಂಡಿಗೆ 25 ಸಲ ಓದುವುದು ಅಂದು ಸುಲಭವಾಗಿರಲಿಲ್ಲ. ಸಾಲುಗಳನ್ನು ಬಿಟ್ಟು ಬಿಟ್ಟು ಓದಿದರೆ ಸಣ್ಣ ಗೆರೆಗಳ ಅಂಗಿಯ ಮೇಲೆ ಇಲ್ಲದ ಬಣ್ಣದ ಅಲೆಗಳು ಮೂಡುತ್ತವೆ. ಆದ್ದರಿಂದ ವಿಡಿಯೊಗೆಂದು ಬಂದ ಎ7ಎಸ್ (2014) ಕ್ಯಾಮೆರಾದಲ್ಲಿ, ಅಷ್ಟೇ ದೊಡ್ಡ ಸಂವೇದಕದಲ್ಲಿ, ಕೇವಲ 122 ಲಕ್ಷ ಬಿಂದುಗಳನ್ನು ಇಟ್ಟರು. ಒಂದೊಂದರ ವಿಸ್ತೀರ್ಣ ಸುಮಾರು ಮೂರು ಪಟ್ಟಾಯಿತು. ಮಂದ ಬೆಳಕಿನಲ್ಲಿ ಅದು ಎತ್ತಿದ ಕೈ. ಆದರೆ ವೇಗವಾಗಿ ಅಡ್ಡ ಹಾಯುವ ಕಂಬಗಳು ಅದರಲ್ಲಿ ಓರೆಯಾಗಿ ಕಾಣುತ್ತಿದ್ದವು.

ನಮಗೆ ಮುಖ್ಯವಾದದ್ದು ಈ ಓರೆ. ಸಂವೇದಕ ಇಡೀ ಬಿಂಬವನ್ನು ಒಮ್ಮೆಗೇ ಓದುವುದಿಲ್ಲ. ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಇದಕ್ಕೆ 20 ಮಿಲಿಸೆಕೆಂಡು ಹಿಡಿಯುತ್ತದೆ ಎನ್ನೋಣ. ಫ್ರೇಮಿನ ಎತ್ತರದಲ್ಲಿ 2 ಮೀಟರ್ ದೂರ ಕಾಣುತ್ತಿದೆ, ಗುಂಡು ಮೇಲ್ತುದಿಯಿಂದ ಬೀಳುತ್ತಿದೆ. ನಿಜವಾದ ಪತನಕಾಲ 0.639 ಸೆಕೆಂಡು. ಆದರೆ ಕೆಳತುದಿಯಲ್ಲಿರುವ ಗುಂಡನ್ನು ಓದುವುದು ಆ ಫ್ರೇಮ್ ಆರಂಭವಾಗಿ 20 ಮಿಲಿಸೆಕೆಂಡು ಕಳೆದ ಮೇಲೆ. ಫ್ರೇಮುಗಳ ಆರಂಭವನ್ನಷ್ಟೇ ಎಣಿಸಿದವರಿಗೆ ಸಿಗುವುದು 0.619 ಸೆಕೆಂಡು, ಗುರುತ್ವ ವೇಗೋತ್ಕರ್ಷ 9.8ರ ಬದಲು 10.4! ಗಾಳಿಯ ಮೇಲೆ ತಪ್ಪು ಹೊರಿಸುವಂತಿಲ್ಲ, ಏಕೆಂದರೆ ಗಾಳಿಯ ತಡೆ ಈ ಬೆಲೆಯನ್ನು ಕಡಿಮೆ ಮಾಡುತ್ತದೆ.

ಆದ್ದರಿಂದ ಕ್ಯಾಮೆರಾದ ಮೌಲ್ಯಮಾಪನವನ್ನು ಈ ಓದುವ ಕಾಲದಿಂದ ಆರಂಭಿಸಿ. ಸಿಗ್ನಲ್ ಜನರೇಟರಿನಿಂದ ಒಂದು ಎಲ್.ಇ.ಡಿ.ಯನ್ನು ಸೆಕೆಂಡಿಗೆ 500 ಸಲ ಮಿನುಗಿಸಿ. ಮಸೂರದ ಮುಂದೆ ಬಿಳಿ ಕಾಗದ ಹಿಡಿದು, ಫ್ರೇಮ್ ತುಂಬ ಆ ಬೆಳಕೇ ಬೀಳುವಂತೆ ಮಾಡಿ. ಶಟರ್ ವೇಗ 1/2000 ಸೆಕೆಂಡು ಇರಲಿ. ಚಿತ್ರದಲ್ಲಿ ಅಡ್ಡಪಟ್ಟಿಗಳು ಕಾಣುತ್ತವೆ. ಒಂದು ಕಪ್ಪು, ಒಂದು ಬಿಳಿ ಸೇರಿ ಒಂದು ಜೋಡಿ. ಜೋಡಿಗಳ ಸಂಖ್ಯೆಯನ್ನು 500ರಿಂದ ಭಾಗಿಸಿದರೆ ಓದುವ ಕಾಲ ಸೆಕೆಂಡಿನಲ್ಲಿ ಸಿಗುತ್ತದೆ. ಹತ್ತು ಜೋಡಿ ಇದ್ದರೆ 20 ಮಿಲಿಸೆಕೆಂಡು. ಸೋನಿ ಎ7ಎಸ್ 3 (2020) 4ಕೆಯಲ್ಲಿ ಸೆಕೆಂಡಿಗೆ 120 ಫ್ರೇಮ್ ತೆಗೆಯುತ್ತದೆ; ಆಗ ಒಂದು ಫ್ರೇಮನ್ನು 8.3 ಮಿಲಿಸೆಕೆಂಡಿನೊಳಗೆ ಓದಿ ಮುಗಿಸಲೇಬೇಕು. ಅದರ ಬಿಂದುಗಳು 121 ಲಕ್ಷವಷ್ಟೇ.

ಅಂಥ ದುಬಾರಿ ಕ್ಯಾಮೆರಾ ನಿಮ್ಮಲ್ಲಿಲ್ಲವೇ? ಇರುವುದನ್ನೇ ಸ್ಟ್ಯಾಂಡಿನ ಮೇಲೆ 90 ಡಿಗ್ರಿ ತಿರುಗಿಸಿ ನಿಲ್ಲಿಸಿ. ಸಾಲುಗಳು ಪತನದ ದಿಕ್ಕಿಗೆ ಸಮಾಂತರವಾಗುತ್ತವೆ. ಗುಂಡು ಎಷ್ಟು ಇಳಿದರೂ ಅವೇ ಸಾಲುಗಳಲ್ಲಿ ಉಳಿಯುವುದರಿಂದ ಕಾಲದ ದೋಷ ತಪ್ಪುತ್ತದೆ. ಅಡ್ಡಲಾಗಿ ತೂಗುವ ಲೋಲಕಕ್ಕೆ ಮಾತ್ರ ಕ್ಯಾಮೆರಾ ಎಂದಿನಂತೆಯೇ ಇರಲಿ.