ಜಿಯೋಕ್ಯಾಶ್
‘ಕ್ಯಾಶ್’ ಎಂದೊಡನೆ ನಮಗೆ ನೆನಪಾಗುವುದು ದುಡ್ಡು. ಈ ಕ್ಯಾಶ್ ಬೇರೆ. ಬಚ್ಚಿಡು ಎಂಬರ್ಥದ ಫ್ರೆಂಚ್ ಕ್ರಿಯಾಪದ ‘ಕಾಶೇ’ಯಿಂದ ಬಂದದ್ದು. ಉತ್ತರ ಅಮೆರಿಕದ ಫ್ರೆಂಚ್ ಬೇಟೆಗಾರರು ಕಾಡಿನಲ್ಲಿ ಹುಗಿದಿಡುತ್ತಿದ್ದ ಸಾಮಾನಿಗೆ ಈ ಹೆಸರಿತ್ತು. ‘ಜಿಯೋ’ ಎಂದರೆ ಗ್ರೀಕಿನಲ್ಲಿ ಭೂಮಿ.

2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುವುದನ್ನು ನಿಲ್ಲಿಸಿತು; ಜನಸಾಮಾನ್ಯರ ಸಾಧನವೂ ಜಾಗವನ್ನು ಹೆಚ್ಚು ನಿಖರವಾಗಿ ತೋರತೊಡಗಿತು. ಮೇ 3ರಂದೇ ಆರೆಗಾನ್‌ನ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಡೇವ್ ಅಲ್ಮರ್ ಎಂಬವರು ಒಂದು ಬಕೆಟ್ ಹೂತು, ಜಿಪಿಎಸ್ ಹಿಡಿದು ಇತರರು ಹುಡುಕಲೆಂದು ಅದರ ಅಕ್ಷಾಂಶ-ರೇಖಾಂಶ ಸಾರಿದರು. ಒಳಗಿದ್ದವುಗಳಲ್ಲಿ ಪುಸ್ತಕ, ಕವಣೆ, ಒಂದು ಬೀನ್ಸ್ ಡಬ್ಬಿ! ಹೀಗೆ ಬಚ್ಚಿಟ್ಟದ್ದರ ಆಗಿನ ಹೆಸರು ‘ಸ್ಟ್ಯಾಶ್’. ಅದಕ್ಕೆ ಕಳ್ಳಮಾಲಿನ ವಾಸನೆ ಇದ್ದುದರಿಂದ ಅದೇ ತಿಂಗಳು ಮ್ಯಾಟ್ ಸ್ಟಮ್ ಎಂಬವರು ‘ಜಿಯೋ’, ‘ಕ್ಯಾಶ್’ ಕೂಡಿದ ಹೊಸ ಪದ ಸೂಚಿಸಿದರು.

ಬಳಕೆ: ‘ತೊರೆಯಂಚಿನ ಕಾಲುದಾರಿಯಲ್ಲೊಂದು ಜಿಯೋಕ್ಯಾಶ್ ಇದೆ.’ ದಟ್ಟ ಮರಗಳಡಿ ಜಿಪಿಎಸ್ ಕೆಲವು ಮೀಟರ್ ತಪ್ಪುವುದುಂಟು. ಆಮೇಲೆ ಪೊಟರೆ, ಬೇರಿನ ಸಂದುಗಳನ್ನು ತಡಕುವುದು ಹುಡುಕುವವರ ಪಾಡು.